ಹುಲ್ಲಿಗೆ ಹುಲ್ಲೇ ಕಾವಲು

ಗೋಧಿ ಕೊಯ್ದು ಒಕ್ಕಣೆ ಮುಗಿದ ಮೇಲೆ ಉಳಿಯುವ ಒಣ ಹುಲ್ಲಿಗೆ ಎಷ್ಟು ಬೆಲೆ? ದನಕ್ಕೆ ಹಾಕಬಹುದು, ಸೂರಿಗೆ ಹೊದಿಸಬಹುದು, ಮಿಕ್ಕಿದ್ದು ಗೊಬ್ಬರದ ಗುಂಡಿಗೆ. ಆದರೆ ಚೀನಾದ ಉತ್ತರ ಭಾಗದಲ್ಲಿ ಇದೇ ಒಣ ಹುಲ್ಲು ಒಂದು ರೈಲು ಮಾರ್ಗವನ್ನು ಮರಳಿನಿಂದ ಕಾಪಾಡಿದೆ. ಈಗ ಅದಕ್ಕೆ ಇನ್ನೂ ಕಷ್ಟದ ಕೆಲಸವೊಂದನ್ನು ಒಪ್ಪಿಸಲಾಗಿದೆ. ಹುಲ್ಲುಗಾವಲನ್ನು ಅಗೆದು ಕಲ್ಲಿದ್ದಲು ತೆಗೆದ ಗಣಿಗಳು ಹಿಂದೆ ಬಿಟ್ಟ ಬೋಳು ದಿಬ್ಬಗಳ ಮೇಲೆ ಮತ್ತೆ ಹುಲ್ಲು ಚಿಗುರುವಂತೆ ಮಾಡುವುದೇ ಆ ಕೆಲಸ.

ನೋಡುವುದಕ್ಕೆ ಇದು ಮಕ್ಕಳಾಟದಂತಿದೆ. ಕೂಲಿಯವರು ಗಣಿಯ ಮಣ್ಣಿನ ದಿಬ್ಬದ ಮೇಲೆ ಹುಲ್ಲನ್ನು ಸಾಲಾಗಿ ಅಡ್ಡಡ್ಡ ಹರಡುತ್ತಾರೆ. ಸಾಲಿನ ನಡುವೆ ಸನಿಕೆ ಇಟ್ಟು ಕಾಲಿನಿಂದ ಒತ್ತುತ್ತಾರೆ. ಹುಲ್ಲಿನ ನಡುಭಾಗ ಮಣ್ಣಿನೊಳಗೆ ಹೋಗಿ ಎರಡೂ ತುದಿಗಳು ಮೇಲೆದ್ದು ನಿಲ್ಲುತ್ತವೆ. ಹೀಗೆ ಉದ್ದಕ್ಕೊಂದು ಸಾಲು, ಅಡ್ಡಕ್ಕೊಂದು ಸಾಲು. ಕೆಲಸ ಮುಗಿದಾಗ ಇಡೀ ಇಳಿಜಾರು ಚೌಕಳಿ ಸೀರೆ ಹಾಸಿದಂತೆ ಕಾಣುತ್ತದೆ. ಹುಲ್ಲಿನ ಈ ಬೇಲಿಯ ಎತ್ತರ ಒಂದು ಗೇಣು ಮಾತ್ರ. ಕುರಿ ಕೂಡ ಅದನ್ನು ದಾಟಿ ಹೋದೀತು. ಇಂಥ ಗೇಣುದ್ದದ ಬೇಲಿ ಬಯಲು ಸೀಮೆಯ ಬಿರುಗಾಳಿಯನ್ನು ತಡೆಯುವುದುಂಟೇ ಎಂಬ ಅನುಮಾನ ಯಾರಿಗಾದರೂ ಬರುತ್ತದೆ. ಅದಕ್ಕೆ ಉತ್ತರ ಹುಡುಕಲು ಇನ್ನೂರು ವರ್ಷಕ್ಕೂ ಹಿಂದಿನ ಫ್ರಾನ್ಸಿನಿಂದ ಹೊರಟು ಮಂಗೋಲಿಯಾದ ಗಡಿಯವರೆಗೆ ಬರಬೇಕಾಗುತ್ತದೆ.

ಮೇಲೆ ಹುಲ್ಲು, ಕೆಳಗೆ ಕಲ್ಲಿದ್ದಲು

ಚೀನಾದ ಉತ್ತರ ಅಂಚಿನಲ್ಲಿ ಮಂಗೋಲಿಯಾ ದೇಶಕ್ಕೆ ಒತ್ತಿಕೊಂಡಿರುವ ಸ್ವಾಯತ್ತ ಪ್ರಾಂತ್ಯ ಒಳ ಮಂಗೋಲಿಯಾ. ಅದರ ವಿಸ್ತಾರ ಸುಮಾರು 11.8 ಲಕ್ಷ ಚದರ ಕಿಲೋಮೀಟರು. ಅಂದರೆ ನಮ್ಮ ಕರ್ನಾಟಕದಂಥ ಆರು ರಾಜ್ಯಗಳು ಅದರಲ್ಲಿ ಹಿಡಿಸುತ್ತವೆ. ಪೂರ್ವದಲ್ಲಿ ಹುಲುನ್‌ಬುಯಿರ್, ನಡುವೆ ಷಿಲಿನ್‌ಗೋಲ್. ಇವು ಏಷ್ಯಾದ ಹೆಸರಾಂತ ಹುಲ್ಲುಗಾವಲುಗಳು. ಕುರಿ, ಕುದುರೆ, ದನ, ಒಂಟೆಗಳನ್ನು ಮೇಯಿಸುತ್ತ ಋತುವಿಗೊಂದು ಜಾಗಕ್ಕೆ ಸಾಗುತ್ತಿದ್ದ ಮಂಗೋಲ್ ಪಶುಪಾಲಕರ ಸೀಮೆ ಇದು. ಅಮೃತಮಹಲ್ ಕಾವಲುಗಳನ್ನು ಕಂಡವರಿಗೆ ಕಾವಲು ಎಂದರೆ ಏನೆಂದು ಗೊತ್ತು. ಅಂಥದೊಂದು ಕಾವಲು ದಿಗಂತದಿಂದ ದಿಗಂತಕ್ಕೆ ಹರಡಿದೆ ಎಂದು ಭಾವಿಸಿದರೆ ಆ ನಾಡಿನ ಚಿತ್ರ ಸ್ವಲ್ಪ ಸಿಕ್ಕೀತು.

ಈ ಹುಲ್ಲಿನ ಅಡಿಯಲ್ಲಿ ಕಲ್ಲಿದ್ದಲಿದೆ. ಹೆಚ್ಚಾಗಿ ಅದು ನಮ್ಮ ನೈವೇಲಿಯಲ್ಲಿ ಸಿಗುವಂಥ ಲಿಗ್ನೈಟ್, ಅಂದರೆ ಕಂದು ಕಲ್ಲಿದ್ದಲು. ದಪ್ಪ ಪದರಗಳಲ್ಲಿ, ನೆಲಮಟ್ಟಕ್ಕೆ ಹತ್ತಿರದಲ್ಲಿಯೇ ಇರುವುದರಿಂದ ಸುರಂಗ ತೋಡುವ ಅಗತ್ಯವಿಲ್ಲ. ಮೇಲಿನ ಮಣ್ಣು, ಜೇಡಿ, ಕಲ್ಲುಗಳನ್ನೆಲ್ಲ ಬಗೆದು ಬದಿಗೆ ಸುರಿದು ತೆರೆದ ಹೊಂಡದಿಂದಲೇ ಕಲ್ಲಿದ್ದಲು ಎತ್ತಬಹುದು. ಹುಲುನ್‌ಬುಯಿರ್‌ನ ಯಿಮಿನ್ ಮತ್ತು ಬಾವೋರಿಷಿಲೆ, ಷಿಲಿನ್‌ಹೋಟ್ ನಗರದ ಬಳಿಯ ಶೆಂಗ್ಲಿ, ಜತೆಗೆ ಹುವೊಲಿನ್‌ಹೆ ಇವೆಲ್ಲ ಇಂಥ ತೆರೆದ ಗಣಿಗಳು. 2000ದ ನಂತರ ಚೀನಾದ ವಿದ್ಯುತ್ ಹಸಿವು ಏರಿದಂತೆ ಗಣಿಗಾರಿಕೆಯೂ ವೇಗವಾಗಿ ಬೆಳೆಯಿತು.

ಹೊಂಡ ತೋಡಿದಷ್ಟೂ ಪಕ್ಕದಲ್ಲಿ ದಿಬ್ಬ ಬೆಳೆಯುತ್ತದೆ. ಗಣಿಯವರ ಭಾಷೆಯಲ್ಲಿ ಅದು ‘ಡಂಪ್’. ಬಳ್ಳಾರಿ, ಸಂಡೂರು ಕಡೆಯ ಓದುಗರಿಗೆ ಈ ಮಾತನ್ನು ವಿವರಿಸಬೇಕಾಗಿಲ್ಲ. ಸಮತಟ್ಟಾದ ಹುಲ್ಲುಗಾವಲಿನ ನಡುವೆ ಹತ್ತಾರು ಮೀಟರು ಎತ್ತರಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಏರುವ ಈ ದಿಬ್ಬಗಳಲ್ಲಿ ಮಣ್ಣಿನ ಕ್ರಮ ತಲೆಕೆಳಗಾಗಿರುತ್ತದೆ. ಸಾವಿರಾರು ವರ್ಷಗಳಿಂದ ಬೇರು ಕೊಳೆತು ಕಟ್ಟಿದ ಕಂದು ಬಣ್ಣದ ಫಲವತ್ತಾದ ಮೇಲ್ಮಣ್ಣು ಎಚ್ಚರ ತಪ್ಪಿದರೆ ಅಡಿಗೆ ಹೋಗುತ್ತದೆ. ಸತ್ವವಿಲ್ಲದ ಒಳಮಣ್ಣು ಮೇಲೆ ಬಂದು ಗಾಳಿಗೆ ಮೈಯೊಡ್ಡುತ್ತದೆ.

ಗಾಳಿಯಾದರೋ ಅಲ್ಲಿ ಸಾಮಾನ್ಯದ್ದಲ್ಲ. ವರ್ಷದ ಮಳೆ ಹೆಚ್ಚೆಂದರೆ 250ರಿಂದ 350 ಮಿಲಿಮೀಟರು. ಅದರಲ್ಲಿ ಬಹುಪಾಲು ಜೂನ್‌ನಿಂದ ಆಗಸ್ಟ್‌ವರೆಗಿನ ಮೂರು ತಿಂಗಳಲ್ಲಿ ಬೀಳುತ್ತದೆ. ಚಳಿಗಾಲದಲ್ಲಿ ಉಷ್ಣಾಂಶ ಸೊನ್ನೆಗಿಂತ 30 ಡಿಗ್ರಿ ಕೆಳಗೆ ಇಳಿಯುವುದುಂಟು. ಏಪ್ರಿಲ್, ಮೇ ತಿಂಗಳಲ್ಲಿ ಹಿಮ ಕರಗಿರುತ್ತದೆ, ಹೊಸ ಹುಲ್ಲು ಇನ್ನೂ ಮೇಲೆದ್ದಿರುವುದಿಲ್ಲ. ವರ್ಷದ ಅತಿ ಜೋರು ಗಾಳಿ ಬೀಸುವುದು ಸರಿಯಾಗಿ ಆ ಹೊತ್ತಿನಲ್ಲಿಯೇ. ಬೇರಿನ ಹೆಣಿಗೆ ಇರುವ ನೆಲ ಅದನ್ನು ತಾಳಿಕೊಳ್ಳುತ್ತದೆ. ಬೇರು ಕಳಚಿದ ದಿಬ್ಬ ತಾಳಿಕೊಳ್ಳುವುದಿಲ್ಲ. ಬೀಜ ಬಿತ್ತಿದರೆ ಬೀಜವೇ ಹಾರಿಹೋಗುತ್ತದೆ. ಮೊಳೆತರೆ ಹಾರಿಬರುವ ಮರಳಿನ ಕಣಗಳು ಎಳೆಯ ಕುಡಿಯನ್ನು ಉಪ್ಪುಕಾಗದದಂತೆ ಉಜ್ಜಿ ಸಾಯಿಸುತ್ತವೆ. ದಿಬ್ಬದಿಂದ ಎದ್ದ ಧೂಳು ಅಕ್ಕಪಕ್ಕದ ಹುಲ್ಲಿನ ಮೇಲೆ ಕೂರುತ್ತದೆ. ಕುರಿಗಳು ಮೇಯುವುದು ಆ ಹುಲ್ಲನ್ನೇ.

ಇದು ಕೇವಲ ಮಣ್ಣಿನ ಪ್ರಶ್ನೆಯಲ್ಲ ಎಂಬುದು 2011ರಲ್ಲಿ ಜಗತ್ತಿಗೆ ತಿಳಿಯಿತು. ಆ ವರ್ಷದ ಮೇ ತಿಂಗಳಲ್ಲಿ ಷಿಲಿನ್‌ಗೋಲ್ ಸೀಮೆಯಲ್ಲಿ, ತಮ್ಮ ಹುಲ್ಲುಗಾವಲಿನ ಮೇಲೆಯೇ ಓಡಾಡುತ್ತಿದ್ದ ಕಲ್ಲಿದ್ದಲು ಲಾರಿಗಳನ್ನು ಪಶುಪಾಲಕರು ಅಡ್ಡಗಟ್ಟಿದರು. ಒಬ್ಬ ಪಶುಪಾಲಕ ಲಾರಿಯ ಚಕ್ರಕ್ಕೆ ಸಿಕ್ಕಿ ಸತ್ತ. ವಿದ್ಯಾರ್ಥಿಗಳೂ ಪಶುಪಾಲಕರೂ ಬೀದಿಗಿಳಿದರು. ಒಳ ಮಂಗೋಲಿಯಾ ಬಹಳ ವರ್ಷಗಳಿಂದ ಕಾಣದಿದ್ದಂಥ ಪ್ರತಿಭಟನೆ ನಡೆಯಿತು. ಲಾರಿ ಚಾಲಕನಿಗೆ ಮರಣದಂಡನೆ ವಿಧಿಸಲಾಯಿತು. ಆದರೆ ಪ್ರತಿಭಟನೆಯ ಹಿಂದಿದ್ದ ಪ್ರಶ್ನೆ ಒಬ್ಬ ಚಾಲಕನದಾಗಿರಲಿಲ್ಲ. ಕಲ್ಲಿದ್ದಲು ಮುಗಿದ ಮೇಲೆ ಈ ನೆಲ ಯಾವ ಸ್ಥಿತಿಯಲ್ಲಿ, ಯಾರ ಕೈಗೆ ಮರಳುತ್ತದೆ ಎಂಬುದೇ ಆ ಪ್ರಶ್ನೆ.

ಗಾಳಿ ಮಣ್ಣನ್ನು ಒಯ್ಯುವ ಬಗೆ

ಗೇಣುದ್ದದ ಬೇಲಿಯ ಗುಟ್ಟು ತಿಳಿಯಬೇಕಾದರೆ ಗಾಳಿ ಮಣ್ಣನ್ನು ಹೇಗೆ ಹೊತ್ತೊಯ್ಯುತ್ತದೆ ಎಂಬುದನ್ನು ಮೊದಲು ನೋಡಬೇಕು. ಇದನ್ನು ಅಳತೆ ಮಾಡಿ ತೋರಿಸಿದವರು ಬ್ರಿಟಿಷ್ ಸೇನೆಯ ಎಂಜಿನಿಯರ್ ರಾಲ್ಫ್ ಬ್ಯಾಗ್ನಾಲ್ಡ್. ಈಜಿಪ್ಟಿನ ಪಶ್ಚಿಮಕ್ಕಿರುವ ಮರುಭೂಮಿಯಲ್ಲಿ ಮೋಟಾರು ಗಾಡಿಗಳಲ್ಲಿ ಸುತ್ತಾಡಿದ್ದ ಅವರು, ಊರಿಗೆ ಮರಳಿದ ಮೇಲೆ ಗಾಳಿಕೊಳವೆ ಕಟ್ಟಿಸಿ ಅದರಲ್ಲಿ ಮರಳು ಹಾರಿಸಿ ಪ್ರಯೋಗ ನಡೆಸಿದರು. ಮರಳಿನ ಚಲನೆಯ ಬಗ್ಗೆ 1941ರಲ್ಲಿ ಅವರು ಪ್ರಕಟಿಸಿದ ಗ್ರಂಥ ಇಂದಿಗೂ ಈ ವಿಷಯದ ಮೂಲಪಾಠವಾಗಿದೆ.

ಗಾಳಿಯಲ್ಲಿ ಮಣ್ಣು ಮೂರು ಬಗೆಯಲ್ಲಿ ಚಲಿಸುತ್ತದೆ. ನುಣುಪಾದ ಧೂಳು ಮೇಲೆದ್ದು ನೂರಾರು ಕಿಲೋಮೀಟರು ತೇಲಿಹೋಗುತ್ತದೆ. ದಪ್ಪ ಕಣಗಳು ನೆಲದ ಮೇಲೆಯೇ ಉರುಳುತ್ತ ಸಾಗುತ್ತವೆ. ಇವೆರಡರ ನಡುವಿನ ಗಾತ್ರದ ಮರಳಿನ ಕಣಗಳು ಕುಪ್ಪಳಿಸುತ್ತವೆ. ಒಂದು ಕಣ ಜಿಗಿದು ಬಿದ್ದಾಗ ಅದರ ಪೆಟ್ಟಿಗೆ ಇನ್ನಷ್ಟು ಕಣಗಳು ಜಿಗಿಯುತ್ತವೆ. ಧೂಳನ್ನು ನೆಲದಿಂದ ಎಬ್ಬಿಸುವುದೂ ಬಹುಮಟ್ಟಿಗೆ ಈ ಕುಪ್ಪಳಿಸುವ ಕಣಗಳ ಪೆಟ್ಟೇ. ಗಮನಿಸಬೇಕಾದ ಸಂಗತಿ ಎಂದರೆ ಈ ಕುಪ್ಪಳಿಕೆಯ ಬಹುಪಾಲು ನೆಲದಿಂದ ಒಂದು ಅಡಿಯೊಳಗೇ ನಡೆಯುತ್ತದೆ. ಮರಳನ್ನು ತಡೆಯಲು ಆಕಾಶದೆತ್ತರದ ಗೋಡೆ ಬೇಕಿಲ್ಲ ಎಂಬುದಕ್ಕೆ ಕಾರಣ ಇದೇ.

ಇನ್ನೊಂದು ಲೆಕ್ಕವಿದೆ. ಗಾಳಿ ಸಾಗಿಸುವ ಮರಳಿನ ಪ್ರಮಾಣ ಗಾಳಿಯ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ. ವೇಗ ಎರಡು ಪಟ್ಟಾದರೆ ಮರಳು ಸುಮಾರು ಎಂಟು ಪಟ್ಟಾಗುತ್ತದೆ. ಇದನ್ನು ತಿರುವಿ ನೋಡಿದರೆ ರೈತನಿಗೆ ಲಾಭದ ಲೆಕ್ಕ ಸಿಗುತ್ತದೆ. ನೆಲದ ಮಟ್ಟದಲ್ಲಿ ಗಾಳಿಯ ವೇಗವನ್ನು ಅರ್ಧಕ್ಕೆ ಇಳಿಸಿದರೆ ಸಾಕು, ಕೊಚ್ಚಿಹೋಗುವ ಮಣ್ಣು ಎಂಟನೆಯ ಒಂದು ಪಾಲಿಗೆ ಇಳಿಯುತ್ತದೆ. ಗಾಳಿಯನ್ನು ನಿಲ್ಲಿಸಬೇಕಾಗಿಲ್ಲ, ಸುಸ್ತು ಮಾಡಿದರೆ ಆಯಿತು.

ಅದಕ್ಕಾಗಿಯೇ ಗಾಳಿತಡೆಯಲ್ಲಿ ಸಂದುಗಳಿರಬೇಕು. ಕಲ್ಲುಗೋಡೆ ಕಟ್ಟಿದರೆ ಗಾಳಿ ಅದನ್ನು ಹಾರಿ ಆಚೆ ಬದಿಯಲ್ಲಿ ಸುಳಿಯಾಗಿ ಬಿದ್ದು ಮಣ್ಣನ್ನು ಕೆದಕುತ್ತದೆ. ಅರ್ಧದಷ್ಟು ಸಂದು ಇರುವ ತಡಿಕೆಯಾದರೆ ಗಾಳಿ ಅದರೊಳಗೆ ಸೋಸಿ ಬರುತ್ತದೆ. ಹಾಗೆ ಬರುವಾಗ ಅದರ ಬಲ ಕುಂದುತ್ತದೆ. ಒಳ್ಳೆಯ ತಡಿಕೆಯೊಂದು ತನ್ನ ಎತ್ತರದ ಹತ್ತು ಹದಿನೈದು ಪಟ್ಟು ದೂರದವರೆಗೆ ನೆಲವನ್ನು ಕಾಯುತ್ತದೆ. ಹಿತ್ತಲಿಗೆ ತೆಂಗಿನ ಗರಿಯ ತಟ್ಟಿ ಕಟ್ಟುವ ನಮ್ಮ ಹಳ್ಳಿಯವರಿಗೆ ಈ ತತ್ವ ಪುಸ್ತಕ ಓದದೆಯೇ ಗೊತ್ತು.

ಗಸ್ಕನಿಯ ಹಲಗೆ, ಕರಾಕುಮ್‌ನ ಜೊಂಡು

ಈ ತಿಳಿವಳಿಕೆಯನ್ನು ಸರ್ಕಾರಿ ಮಟ್ಟದಲ್ಲಿ ದೊಡ್ಡದಾಗಿ ಬಳಸಿದ ಮೊದಲ ಪ್ರಸಂಗಗಳಲ್ಲಿ ಒಂದು ನಡೆದದ್ದು ಫ್ರಾನ್ಸಿನ ನೈಋತ್ಯ ಕರಾವಳಿಯ ಗಸ್ಕನಿಯಲ್ಲಿ. ಅಟ್ಲಾಂಟಿಕ್ ಸಾಗರದ ಮರಳು ದಿಬ್ಬಗಳು ವರ್ಷ ವರ್ಷ ಒಳನಾಡಿಗೆ ಸರಿಯುತ್ತ ಹೊಲ, ಮನೆ, ಚರ್ಚುಗಳನ್ನು ನುಂಗುತ್ತಿದ್ದವು. ನಿಕೊಲಾ ಬ್ರೆಮೊಂಟಿಯೆ ಎಂಬ ಎಂಜಿನಿಯರ್ 1780ರ ದಶಕದಲ್ಲಿ ಅಲ್ಲಿ ಪ್ರಯೋಗ ಆರಂಭಿಸಿದ. ಅವನಿಗಿಂತ ಮೊದಲೇ ಸ್ಥಳೀಯರು, ಮುಖ್ಯವಾಗಿ ದೆಬಿಯೆ ಸಹೋದರರು, ಇದೇ ದಾರಿಯಲ್ಲಿ ಪ್ರಯತ್ನಿಸಿದ್ದರು. ಹೆಸರು ಮಾತ್ರ ಬ್ರೆಮೊಂಟಿಯೆಗೆ ಬಂತು.

ಉಪಾಯ ಸರಳವಾಗಿತ್ತು. ಸಮುದ್ರದ ದಡದುದ್ದಕ್ಕೂ ಸಂದು ಬಿಟ್ಟು ಹಲಗೆಗಳನ್ನು ನೆಡುವುದು. ಗಾಳಿ ಹೊತ್ತು ತಂದ ಮರಳು ಹಲಗೆಯ ಬುಡದಲ್ಲಿ ಗುಡ್ಡೆಯಾಗುತ್ತದೆ. ಹಲಗೆ ಮುಚ್ಚುವಷ್ಟಾದಾಗ ಅದನ್ನು ಮೇಲಕ್ಕೆ ಎಳೆದು ನಿಲ್ಲಿಸುವುದು. ಹೀಗೆ ಮರಳಿನಿಂದಲೇ ಮರಳಿಗೆ ಗೋಡೆ ಎದ್ದಿತು. ಅದರ ಮರೆಯಲ್ಲಿ ಪೈನ್ ಬೀಜ ಬಿತ್ತಿ, ಹಾರಿಹೋಗದಂತೆ ಮೇಲೆ ಪೊದೆಗಳ ರೆಂಬೆ ಹೊದಿಸಿದರು. ಮೊದಲು ನಿರ್ಜೀವ ತಡೆ, ಅದರ ಆಸರೆಯಲ್ಲಿ ಜೀವಂತ ಗಿಡ. ಇಂದು ಗಣಿದಿಬ್ಬಗಳ ಮೇಲೆ ನಡೆಯುತ್ತಿರುವುದೂ ಇದೇ ಕ್ರಮದಲ್ಲಿ.

ಆದರೆ ಗಸ್ಕನಿಯ ಕತೆಗೆ ಇನ್ನೊಂದು ಮುಖವಿದೆ. ದಿಬ್ಬಗಳ ಹಿಂದೆ ಲಾಂದ್ ಎಂಬ ಜೌಗು ಹುಲ್ಲುಗಾಡು ಹರಡಿತ್ತು. ಅಲ್ಲಿನ ಕುರುಬರು ಕಾಲಿಗೆ ಎತ್ತರದ ಮರಗಾಲು ಕಟ್ಟಿಕೊಂಡು ನೀರು ನಿಂತ ಬಯಲಿನಲ್ಲಿ ಕುರಿ ಕಾಯುತ್ತಿದ್ದರು. ದಡದಲ್ಲಿ ಪೈನ್ ಗೆದ್ದದ್ದನ್ನು ಕಂಡ ಸರ್ಕಾರ 1857ರಲ್ಲಿ ಕಾಯಿದೆ ತಂದು, ಊರೊಟ್ಟಿನ ಈ ಗೋಮಾಳಗಳನ್ನೂ ಬಸಿದು ಮರ ಬೆಳೆಸಬೇಕೆಂದು ಕಟ್ಟುಮಾಡಿತು. ಕಾಡು ಬೆಳೆಯಿತು, ಮರಗಾಲಿನ ಕುರುಬರು ಕಣ್ಮರೆಯಾದರು. ಗಾಳಿಯಿಂದ ನೆಲ ಉಳಿಸಲು ಹೊರಟವರು ಆ ನೆಲವನ್ನು ನಂಬಿದ್ದವರನ್ನು ಮರೆತರು. ಈ ಮರೆವು ಮುಂದೆಯೂ ಹಲವು ಕಡೆ ಮರುಕಳಿಸಿದೆ.

ರಷ್ಯನ್ನರಿಗೆ ಮರಳು ತಡೆಯುವ ಅಗತ್ಯ ಬಿದ್ದದ್ದು ರೈಲಿನಿಂದ. ಕ್ಯಾಸ್ಪಿಯನ್ ಸಮುದ್ರದ ದಡದಿಂದ 1880ರಲ್ಲಿ ಶುರುವಾದ ರೈಲು ಮಾರ್ಗ ಕರಾಕುಮ್ ಮರುಭೂಮಿಯನ್ನು ಸೀಳಿಕೊಂಡು 1888ರಲ್ಲಿ ಸಮರ್‌ಕಂದ್ ಮುಟ್ಟಿತು. ಹಳಿಗಳ ಮೇಲೆ ಮರಳು ಬಂದು ಕೂರುವುದು ನಿತ್ಯದ ಕಾಟವಾಯಿತು. ಜೊಂಡು, ರೆಂಬೆಗಳ ತಡಿಕೆ ನಿಲ್ಲಿಸಿ, ಅದರ ಮರೆಯಲ್ಲಿ ಸಕ್ಸಾವುಲ್ ಎಂಬ ಮರುಭೂಮಿಯ ಗಿಡ ಬೆಳೆಸುವ ಪದ್ಧತಿ ಅಲ್ಲಿ ರೂಢಿಗೆ ಬಂತು. ಇದರ ಅಧ್ಯಯನಕ್ಕೆಂದೇ ಇಂದಿನ ತುರ್ಕಮೆನಿಸ್ತಾನದ ರೆಪೆತೆಕ್‌ನಲ್ಲಿ 1912ರಲ್ಲಿ ಸಂಶೋಧನಾ ಕೇಂದ್ರವೊಂದು ಆರಂಭವಾಯಿತು.

ಮರದ ಸಾಲುಗಳ ಕಾಲ

ಇದೇ ಹೊತ್ತಿಗೆ ಹುಲ್ಲುಗಾವಲಿನ ಗಾಳಿಗೆ ಮರವೇ ಮದ್ದು ಎಂಬ ನಂಬಿಕೆಯೂ ಬೆಳೆಯುತ್ತಿತ್ತು. 1891ರ ಬರ ಮತ್ತು ಕ್ಷಾಮದ ಬಳಿಕ ಮಣ್ಣುವಿಜ್ಞಾನದ ಪಿತಾಮಹನೆನಿಸಿದ ವಸೀಲಿ ದೊಕುಚಾಯೆವ್ ರಷ್ಯಾದ ಹುಲ್ಲುಗಾವಲುಗಳ ದುಃಸ್ಥಿತಿಯ ಬಗ್ಗೆ ಗ್ರಂಥ ಬರೆದರು. ವೊರೊನೆಜ್ ಪ್ರಾಂತ್ಯದ ಕಾಮೆನ್ನಾಯ ಸ್ಟೆಪ್ಪಿಯಲ್ಲಿ ಹೊಲಗಳ ಅಂಚಿಗೆ ಮರದ ಪಟ್ಟಿಗಳನ್ನು ನೆಡಿಸಿದರು. ಅವು ಇಂದಿಗೂ ಇವೆ.

ಅಮೆರಿಕ ಈ ಪಾಠ ಕಲಿತದ್ದು ಪೆಟ್ಟು ತಿಂದು. ಮಧ್ಯದ ಬಯಲುಗಳ ಹುಲ್ಲನ್ನು ಉತ್ತು ಗೋಧಿ ಬಿತ್ತಿದ ರೈತರು 1930ರ ದಶಕದ ಬರದಲ್ಲಿ ತಮ್ಮ ಹೊಲಗಳೇ ಆಕಾಶಕ್ಕೆ ಏರುವುದನ್ನು ಕಂಡರು. 1935ರ ಏಪ್ರಿಲ್ 14ರ ಧೂಳಿನ ಬಿರುಗಾಳಿಯಂದು ಹಗಲೇ ಕತ್ತಲಾಯಿತು. ಆ ದಿನ ‘ಕರಾಳ ಭಾನುವಾರ’ ಎಂದೇ ಹೆಸರಾಗಿದೆ. ಅಧ್ಯಕ್ಷ ರೂಸ್‌ವೆಲ್ಟ್ ಅವರ ಯೋಜನೆಯಂತೆ ಅದೇ ವರ್ಷ ಮಾರ್ಚ್‌ನಲ್ಲಿ ಒಕ್ಲಹಾಮದಲ್ಲಿ ಮೊದಲ ಸಸಿ ನೆಡಲಾಗಿತ್ತು. 1942ರ ಹೊತ್ತಿಗೆ ಸುಮಾರು 22 ಕೋಟಿ ಮರಗಳ, ಒಟ್ಟು ಸುಮಾರು 30 ಸಾವಿರ ಕಿಲೋಮೀಟರು ಉದ್ದದ ಗಾಳಿತಡೆಗಳು ಎದ್ದು ನಿಂತವು. ಸೋವಿಯತ್ ಒಕ್ಕೂಟ 1948ರಲ್ಲಿ, ಚೀನಾ 1978ರಲ್ಲಿ ಇದಕ್ಕಿಂತ ದೊಡ್ಡ ಯೋಜನೆಗಳನ್ನು ಪ್ರಕಟಿಸಿದವು.

ಮರದ ಸಾಲು ಹೊಲದ ಅಂಚಿಗೆ ಚೆನ್ನು. ಆದರೆ ವರ್ಷಕ್ಕೆ 300 ಮಿಲಿಮೀಟರು ಮಳೆಯೂ ಬೀಳದ ಕಡೆ ಮರಕ್ಕೆ ನೀರೆಲ್ಲಿಂದ ಬರಬೇಕು? ಉತ್ತರ ಚೀನಾದಲ್ಲಿ ಒತ್ತಾಗಿ ನೆಟ್ಟ ಪಾಪ್ಲರ್ ಮರಗಳು ಹಲವೆಡೆ ಆಳೆತ್ತರಕ್ಕೆ ಮುರುಟಿ ನಿಂತವು. ಅಲ್ಲಿನ ಜನ ಅವಕ್ಕೆ ‘ಪುಟ್ಟ ಮುದುಕ ಮರ’ ಎಂದು ಹೆಸರಿಟ್ಟಿದ್ದಾರೆ. ನೆಲದಾಳದ ನೀರನ್ನು ಹೀರಿ ಕಡೆಗೆ ತಾವೂ ಒಣಗಿದ ಮರಗಳೂ ಇವೆ. ಹುಲ್ಲು ಬೆಳೆಯುವ ಸೀಮೆಯಲ್ಲಿ ಹುಲ್ಲು ಬೆಳೆಯುವುದಕ್ಕೆ ಕಾರಣವಿರುತ್ತದೆ ಎಂಬ ಸಾಮಾನ್ಯ ಜ್ಞಾನವನ್ನು ವಿಜ್ಞಾನಿಗಳು ಮತ್ತೆ ಕಲಿಯಬೇಕಾಯಿತು.

ಶಾಪೊತೌ ಕಲಿಸಿದ ಪಾಠ

ಹುಲ್ಲಿನ ಚೌಕಳಿಗೆ ಹೆಸರು ಬಂದದ್ದು ನಿಂಗ್‌ಷಿಯಾ ಪ್ರಾಂತ್ಯದ ಶಾಪೊತೌ ಎಂಬ ಸ್ಥಳದಿಂದ. ಬಾವೊತೌನಿಂದ ಲಾಂಝೌಗೆ 1950ರ ದಶಕದಲ್ಲಿ ರೈಲು ಮಾರ್ಗ ಹಾಕುವಾಗ ಟೆಂಗರ್ ಮರುಭೂಮಿಯ ಅಂಚನ್ನು ದಾಟುವುದು ಅನಿವಾರ್ಯವಾಯಿತು. ಅಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 180 ಮಿಲಿಮೀಟರು ಮಾತ್ರ. ಅಂತರ್ಜಲ ಯಾವ ಗಿಡದ ಬೇರಿಗೂ ಎಟುಕದ ಆಳದಲ್ಲಿದೆ. ನೀರುಣಿಸದೆ ಅಲೆಯುವ ಮರಳನ್ನು ಕಟ್ಟಿಹಾಕಬೇಕಿತ್ತು. ಚೀನಾದ ವಿಜ್ಞಾನ ಅಕಾಡೆಮಿ ಅಲ್ಲಿ ಸಂಶೋಧನಾ ಕೇಂದ್ರ ತೆರೆಯಿತು. ನಾನಾ ಬಗೆಯ ತಡೆಗಳನ್ನು ಪರೀಕ್ಷಿಸಿದ ಬಳಿಕ ಗೆದ್ದದ್ದು ಒಂದು ಮೀಟರು ಉದ್ದ, ಒಂದು ಮೀಟರು ಅಗಲದ ಹುಲ್ಲಿನ ಚೌಕ.

ಚೌಕವೇ ಏಕೆ? ಸಾಲು ಬೇಲಿ ಒಂದೇ ದಿಕ್ಕಿನ ಗಾಳಿಯನ್ನು ತಡೆಯುತ್ತದೆ. ಚೌಕಕ್ಕೆ ಎಲ್ಲ ದಿಕ್ಕೂ ಒಂದೇ. ಪ್ರತಿ ಚೌಕದ ನಡುವಿನಿಂದ ಗಾಳಿ ಸ್ವಲ್ಪ ಮರಳು ತೆಗೆದು ಅಂಚಿಗೆ ಕೂರಿಸುತ್ತದೆ. ಕೆಲವೇ ದಿನಗಳಲ್ಲಿ ಪ್ರತಿ ಮನೆಯೂ ಆಳವಿಲ್ಲದ ಬೋಗುಣಿಯ ಆಕಾರ ತಾಳುತ್ತದೆ. ಆಮೇಲೆ ಮರಳು ಒಳಗೂ ಬರುವುದಿಲ್ಲ, ಹೊರಗೂ ಹೋಗುವುದಿಲ್ಲ. ನೆಲ ನಿಲ್ಲುತ್ತದೆ. ಆ ಬೋಗುಣಿಯಲ್ಲಿ ಧೂಳು, ಬೀಜ, ಮಳೆಹನಿ ತಂಗುತ್ತವೆ.

ಹುಲ್ಲು ಕೊಳೆಯಲು ಮೂರು ನಾಲ್ಕು ವರ್ಷ ಬೇಕು. ಗಿಡಗಳಿಗೆ ಸಿಗುವ ವಾಯಿದೆ ಅಷ್ಟೇ. ಅಷ್ಟರೊಳಗೆ ಕ್ಯಾರಗಾನ, ಆರ್ಟೆಮಿಸಿಯ ಮುಂತಾದ ಬರ ತಾಳುವ ಪೊದೆಗಳು ಬೇರೂರಿದವು. ಅವುಗಳ ನಡುವೆ ಕಣ್ಣಿಗೆ ಕಾಣದಂಥ ಕೆಲಸವೊಂದು ನಡೆಯಿತು. ಪಾಚಿ, ಕಲ್ಲುಹೂವು, ಹಾವಸೆಯಂಥ ಸೂಕ್ಷ್ಮ ಸಸ್ಯಗಳು ಮರಳಿನ ಮೇಲ್ಮೈಯನ್ನು ಹೆಣೆದು ತೆಳುವಾದ ಹಕ್ಕಳೆ ಕಟ್ಟಿದವು. ಹುಲ್ಲು ಮಣ್ಣಾದ ಮೇಲೂ ಮರಳು ಹಾರದಂತೆ ಹಿಡಿದಿರುವುದರಲ್ಲಿ ಈ ಹಕ್ಕಳೆಯ ಪಾಲು ದೊಡ್ಡದು. 1958ರಲ್ಲಿ ಆರಂಭವಾದ ಆ ಮಾರ್ಗದಲ್ಲಿ ರೈಲುಗಳು ಇಂದೂ ಓಡುತ್ತಿವೆ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ 1994ರಲ್ಲಿ ಈ ಕೆಲಸವನ್ನು ತನ್ನ ‘ಗ್ಲೋಬಲ್ 500’ ಗೌರವಕ್ಕೆ ಆರಿಸಿತು.

ಗಣಿ ದಿಬ್ಬದ ಮೇಲೆ ಚೌಕಳಿ

ರೈಲಿಗೆ ಒಗ್ಗಿದ ಉಪಾಯವನ್ನು ಗಣಿಗೆ ತರುವಾಗ ಕೆಲವು ಬದಲಾವಣೆ ಅನಿವಾರ್ಯ. ಗಣಿದಿಬ್ಬ ಎತ್ತರದಲ್ಲಿದೆ. ಗಾಳಿ ಅದರ ನೆತ್ತಿಯನ್ನು ಹತ್ತುವಾಗ ವೇಗ ಇನ್ನೂ ಏರುತ್ತದೆ. ಜತೆಗೆ ಇಳಿಜಾರಿನಲ್ಲಿ ಬೇಸಿಗೆಯ ಮಳೆ ಕೊರಕಲು ಕೊರೆಯುತ್ತದೆ. ಆದ್ದರಿಂದ ಇಲ್ಲಿ ತಡೆ ಎರಡು ಕೆಲಸ ಮಾಡಬೇಕು. ವಸಂತದಲ್ಲಿ ಗಾಳಿಗೆ ಬೇಲಿ, ಮಳೆಗಾಲದಲ್ಲಿ ನೀರಿಗೆ ಬದು.

ಕೆಲಸ ಆರಂಭವಾಗುವುದು ಹೊಂಡ ತೋಡುವ ಮೊದಲೇ. ಮೇಲ್ಮಣ್ಣನ್ನು ಬೇರೆಯಾಗಿ ಕೆರೆದು ಇಟ್ಟುಕೊಳ್ಳಬೇಕು. ದಿಬ್ಬದ ಇಳಿಜಾರನ್ನು ತಗ್ಗಿಸಿ ಮೆಟ್ಟಿಲು ಮಾಡಿ, ಕಾಪಿಟ್ಟ ಮಣ್ಣನ್ನು ಅದರ ಮೇಲೆ ಹರಡಬೇಕು. ಆಮೇಲೆ ತಡೆಗಳು. ಗಾಳಿಗೆದುರಾದ ಬದಿಗೆ ಮತ್ತು ನೆತ್ತಿಗೆ ಮೊದಲ ಆದ್ಯತೆ. ಗೋಧಿ ಹುಲ್ಲು ಸಿಗದ ಕಡೆ ಮರಳುಗಾಡಿನ ವಿಲೋ ಗಿಡದ ಕಡ್ಡಿಗಳನ್ನು ನೆಡುತ್ತಾರೆ. ನೈಲಾನ್ ಬಲೆ ಕಟ್ಟುವುದೂ ಉಂಟು. ಮೆಕ್ಕೆಜೋಳದಂಥ ಬೆಳೆಯ ಪಿಷ್ಟದಿಂದ ತಯಾರಿಸಿದ, ನಿಧಾನವಾಗಿ ಮಣ್ಣಲ್ಲಿ ಕರಗುವ ನೂಲಿನ ಕೊಳವೆಚೀಲಗಳಿಗೆ ಅಲ್ಲಿಯದೇ ಮರಳು ತುಂಬಿ ಚೌಕ ಹಾಕುವುದು ಇತ್ತೀಚಿನ ವಿಧಾನ. ಚಳಿಗಾಲದಲ್ಲಿ ಈ ತಡೆಗಳ ಮರೆಗೆ ಹಿಮ ಬಂದು ಕೂರುತ್ತದೆ. ವಸಂತದಲ್ಲಿ ಅದು ಕರಗಿ ಮೊಳಕೆಗೆ ಮೊದಲ ನೀರಾಗುತ್ತದೆ. ಮಳೆ ಬರಲು ಇನ್ನೂ ಎರಡು ತಿಂಗಳಿರುವಾಗ ಈ ತೇವ ಸಿಗುವುದು ಸಣ್ಣ ಲಾಭವಲ್ಲ.

ಬಿತ್ತನೆಯಲ್ಲಿಯೂ ಒಂದು ಸರದಿಯಿದೆ. ಬೇಗ ಮೊಳೆತು ನೆಲ ಮುಚ್ಚುವ ಹುಲ್ಲುಗಳನ್ನೂ, ನಮ್ಮವರು ಕುದುರೆ ಮಸಾಲೆ ಎಂದು ಕರೆಯುವ ಲೂಸರ್ನ್‌ನಂಥ ದ್ವಿದಳ ಸಸ್ಯಗಳನ್ನೂ ಮೊದಲು ಹಾಕುತ್ತಾರೆ. ಇವು ಸತ್ವ ಕಳೆದುಕೊಂಡ ಮಣ್ಣಿಗೆ ಸಾರಜನಕ ಸೇರಿಸುತ್ತವೆ. ಅವುಗಳ ನೆರಳಲ್ಲಿ ಹುಲ್ಲುಗಾವಲಿನ ನಿಜವಾದ ಒಡೆಯರು ಮರಳಬೇಕು. ಲೈಮಸ್ ಎಂಬ ಹುಲ್ಲು ನಮ್ಮ ಗರಿಕೆಯ ಹಾಗೆ ಬೇರುಗಾಂಡದಿಂದ ಹಬ್ಬುತ್ತದೆ. ಅದು ಹಬ್ಬಿತೆಂದರೆ ನೆಲಕ್ಕೆ ಬೇರೆ ಬೇಲಿ ಬೇಕಿಲ್ಲ.

ಬೇಲಿಗೆ ಆಗದ್ದು

ಇಷ್ಟು ಹೇಳಿದ ಮೇಲೆ ಇನ್ನೊಂದು ಮಾತನ್ನೂ ಹೇಳಬೇಕು. ಚೌಕಳಿ ಹಾಕಿದ ದಿಬ್ಬ ಎರಡು ಮೂರು ವರ್ಷದಲ್ಲಿ ಹಸಿರಾಗಿ ಕಾಣಬಹುದು. ಫೋಟೋ ತೆಗೆಯಲು ಅಷ್ಟು ಸಾಕು. ಆದರೆ ಹತ್ತಾರು ಜಾತಿಯ ಹುಲ್ಲು, ಹೂ, ಹುಳುಗಳು ಕೂಡಿ ಬಾಳುವ ಹುಲ್ಲುಗಾವಲು ಮರಳಲು ದಶಕಗಳು ಬೇಕು. ನೀರುಣಿಸುವುದನ್ನು ನಿಲ್ಲಿಸಿದ ಮೇಲೆ ಏನು ಉಳಿಯುತ್ತದೆ ಎಂಬುದೇ ನಿಜವಾದ ಪರೀಕ್ಷೆ. ಹೊಂಡಕ್ಕೆ ನೀರು ನುಗ್ಗದಂತೆ ಗಣಿಯವರು ಪಂಪು ಹಚ್ಚಿ ಹೊರಹಾಕುವ ಅಂತರ್ಜಲವನ್ನು ಯಾವ ಹುಲ್ಲಿನ ಬೇಲಿಯೂ ಮರಳಿ ತರುವುದಿಲ್ಲ. ಸುತ್ತಲಿನ ಬಾವಿ ಬತ್ತಿದ ಪಶುಪಾಲಕನಿಗೆ ದಿಬ್ಬದ ಮೇಲಿನ ಹಸಿರು ಸಮಾಧಾನ ತರಲಾರದು.

ಈ ಕಾರಣಕ್ಕೆ ಕಾನೂನಿನ ಮಾತು ಬರುತ್ತದೆ. ಅಮೆರಿಕದಲ್ಲಿ 1977ರ ಆಗಸ್ಟ್‌ನಲ್ಲಿ ಅಧ್ಯಕ್ಷ ಕಾರ್ಟರ್ ಸಹಿ ಹಾಕಿದ ಗಣಿ ಪುನಶ್ಚೇತನ ಕಾಯಿದೆಯ ಪ್ರಕಾರ ಕಲ್ಲಿದ್ದಲು ಕಂಪೆನಿ ಮೊದಲೇ ಠೇವಣಿ ಇಡಬೇಕು. ನೆಟ್ಟ ಹಸಿರಿನ ಹೊಣೆ ಸಾಮಾನ್ಯವಾಗಿ ಐದು ವರ್ಷ, ವಾರ್ಷಿಕ ಮಳೆ 26 ಅಂಗುಲ ಅಥವಾ ಅದಕ್ಕಿಂತ ಕಡಿಮೆ ಇರುವ ಕಡೆ ಹತ್ತು ವರ್ಷ. ಅಲ್ಲಿಯವರೆಗೆ ಠೇವಣಿ ಪೂರ್ತಿಯಾಗಿ ವಾಪಸಿಲ್ಲ. ಒಣನಾಡಿನಲ್ಲಿ ಹುಲ್ಲು ನಿಧಾನ ಎಂಬುದನ್ನು ಕಾನೂನು ಒಪ್ಪಿಕೊಂಡಿದೆ ಎಂಬುದು ಇಲ್ಲಿನ ವಿಶೇಷ. ಚೀನಾ 1988ರಲ್ಲಿ, ‘ಕೆಡಿಸಿದವನೇ ಸರಿಪಡಿಸಬೇಕು’ ಎಂಬ ತತ್ವದ ನಿಯಮ ತಂದು, 2011ರಲ್ಲಿ ಅದನ್ನು ಬಿಗಿಗೊಳಿಸಿತು.

ನಮ್ಮ ಗಾಳಿ, ನಮ್ಮ ಗಣಿ

ಭಾರತಕ್ಕೆ ಈ ವಿದ್ಯೆ ಹೊಸದಲ್ಲ. ಜೋಧಪುರದಲ್ಲಿ 1952ರಲ್ಲಿ ಮರುಭೂಮಿ ಅರಣ್ಯ ಕೇಂದ್ರವಾಗಿ ಶುರುವಾಗಿ 1959ರಲ್ಲಿ ಕೇಂದ್ರೀಯ ಒಣಭೂಮಿ ಸಂಶೋಧನಾ ಸಂಸ್ಥೆಯಾಗಿ ಬೆಳೆದ ಸಂಸ್ಥೆ, ಥಾರ್ ಮರುಭೂಮಿಯ ದಿಬ್ಬಗಳ ಮೇಲೆ ಸ್ಥಳೀಯ ಪೊದೆಗಳ ರೆಂಬೆಗಳನ್ನು ಸಾಲಾಗಿಯೂ ಚೌಕಳಿಯಾಗಿಯೂ ಹೂತು ಮರಳನ್ನು ನಿಲ್ಲಿಸಿದೆ. ಸೇವಣ್ ಎಂಬ ಮರುಭೂಮಿಯ ಹುಲ್ಲನ್ನು ಅದರ ಮರೆಯಲ್ಲಿ ಬೆಳೆಸಿದೆ. ರಾಜಸ್ಥಾನದ ಜಿಪ್ಸಂ ಮತ್ತು ಸುಣ್ಣಕಲ್ಲು ಗಣಿಗಳ ಹಾಳು ನೆಲವನ್ನು ಮತ್ತೆ ಹಸಿರಾಗಿಸುವ ಪ್ರಯೋಗಗಳನ್ನೂ ನಡೆಸಿದೆ. ನಮ್ಮ ಕರಾವಳಿಯಲ್ಲಿ 1868ರ ಸುಮಾರಿಗೆ ಕಾರವಾರದ ಬಳಿ ನೆಟ್ಟ ಸರ್ವೆ ಮರ ಮುಂದೆ ಕಡಲ ಮರಳಿಗೆ ತಡೆಯಾಯಿತು. ಅದಕ್ಕೆ ‘ಗಾಳಿ ಮರ’ ಎಂಬ ಹೆಸರೇ ಬಿದ್ದಿದೆ.

ಹುಲ್ಲುಗಾವಲಿನ ಗಣಿ ಎಂದೊಡನೆ ಕನ್ನಡಿಗರಿಗೆ ನೆನಪಾಗಬೇಕಾದದ್ದು ಕುದುರೆಮುಖ. ಅಲ್ಲಿಯೂ ಶೋಲಾ ಕಾಡಿನ ನಡುವಿನ ಹುಲ್ಲು ಹೊದ್ದ ಬೆಟ್ಟವನ್ನೇ ಬಗೆದು ಕಬ್ಬಿಣದ ಅದಿರು ತೆಗೆಯಲಾಯಿತು. ಸುಪ್ರೀಂ ಕೋರ್ಟಿನ 2002ರ ತೀರ್ಪಿನಂತೆ 2005ರ ಕೊನೆಗೆ ಗಣಿ ನಿಂತಿತು. ಆದರೆ ಅಲ್ಲಿ ಶತ್ರು ಗಾಳಿಯಲ್ಲ, ಮಳೆ. ಭದ್ರೆಗೆ ಮಣ್ಣು ಹರಿದುಬಂದದ್ದು ಮಳೆಯಿಂದ. ಮಂಗೋಲಿಯಾದ ಚೌಕಳಿಯನ್ನು ತಂದು ಅಲ್ಲಿ ಹಾಸಿದರೆ ಪ್ರಯೋಜನವಿಲ್ಲ. ಬಳ್ಳಾರಿ, ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಒಣಸೀಮೆಯ ಮಾತು ಬೇರೆ. 2011ರಲ್ಲಿ ಗಣಿಗಾರಿಕೆ ನಿಲ್ಲಿಸಿ, 2013ರ ತೀರ್ಪಿನಲ್ಲಿ ಷರತ್ತು ವಿಧಿಸಿದ ಸುಪ್ರೀಂ ಕೋರ್ಟು, ಪುನಶ್ಚೇತನ ಯೋಜನೆಯಿಲ್ಲದೆ ಗಣಿ ತೆರೆಯುವಂತಿಲ್ಲ ಎಂದಿತು. ಅಲ್ಲಿನ ಡಂಪುಗಳಿಗೆ ಗಾಳಿಯೂ ಇದೆ, ಧೂಳೂ ಇದೆ. ಸಂಡೂರಿನ ಬೆಟ್ಟಗಳ ನೆತ್ತಿಯ ಮೇಲೆ ಮುಂಗಾರಿನಲ್ಲಿ ಹಾಸುವ ಹುಲ್ಲೂ ಇದೆ. ಆ ಡಂಪುಗಳ ಮೇಲೆ ಏನು ನೆಡಬೇಕು ಎಂಬುದನ್ನು ನಿರ್ಧರಿಸುವವರು, ಪಕ್ಕದ ಬೆಟ್ಟದ ಮೇಲೆ ತಾನಾಗಿ ಏನು ಬೆಳೆದಿದೆ ಎಂದು ಮೊದಲು ನೋಡುವುದು ಒಳ್ಳೆಯದು.

ಹುಲ್ಲುಗಾವಲನ್ನು ‘ಬಂಜರು’ ಎಂದು ಕಡತದಲ್ಲಿ ಬರೆಯುವ ಅಭ್ಯಾಸ ನಮ್ಮಲ್ಲಿಯೂ ಹಳೆಯದು. ಮರವಿಲ್ಲದ ನೆಲ ವ್ಯರ್ಥ ಎಂದು ಭಾವಿಸಿದವರು ಗಸ್ಕನಿಯ ಕುರುಬರ ಬಯಲಿಗೆ ಪೈನ್ ತುಂಬಿದರು. ಅದೇ ಭಾವನೆಯಿಂದ ಹುಲ್ಲುಗಾವಲಿನಲ್ಲಿ ಗಣಿ ತೋಡುವುದೂ ಸುಲಭವಾಗುತ್ತದೆ. ಏನೂ ಇಲ್ಲದ ಕಡೆ ಕಳೆದುಕೊಳ್ಳುವುದೇನು ಎಂದು ಕೇಳಿದರಾಯಿತು. ಕಳೆದುಕೊಂಡದ್ದು ಏನೆಂದು ಗಣಿದಿಬ್ಬದ ಮೇಲೆ ಮಂಡಿಯೂರಿ ಗೇಣು ಗೇಣಾಗಿ ಹುಲ್ಲು ನೆಡುವಾಗ ತಿಳಿಯುತ್ತದೆ. ಪ್ರಕೃತಿ ಕಾಸು ಪಡೆಯದೆ ಮಾಡುತ್ತಿದ್ದ ಕೆಲಸಕ್ಕೆ ಈಗ ಕೂಲಿ ಕೊಡಬೇಕಾಗಿದೆ.

ಆ ಒಣ ಹುಲ್ಲಿನ ಚೌಕ ಮೂರು ನಾಲ್ಕು ವರ್ಷ ಗಾಳಿಗೆ ಎದೆಯೊಡ್ಡಿ ನಿಂತು, ಆಮೇಲೆ ಕೊಳೆತು ಗೊಬ್ಬರವಾಗುತ್ತದೆ. ಅಷ್ಟರೊಳಗೆ ಹಸಿ ಹುಲ್ಲು ಬೇರು ಬಿಟ್ಟಿದ್ದರೆ ಕೆಲಸ ಗೆದ್ದಂತೆ. ಆ ಹುಲ್ಲನ್ನು ಮೇಯಲು ಹಿಂದೆ ಅಲ್ಲಿ ಮೇಯುತ್ತಿದ್ದ ಕುರಿಗಳೇ ಬಂದರೆ ಮಾತ್ರ, ನೆಲವನ್ನು ಒಡೆಯರಿಗೆ ಒಪ್ಪಿಸಿದಂತೆ.